17 ಸಲ ಬಾಗಿಲಲ್ಲೇ ಸೋತ ಆಟಗಾರ ಯಾಕೆ ಆಡುತ್ತಲೇ ಇದ್ದರು?

ಓದುಗರ ಪ್ರಶ್ನೆ: ಟೆನಿಸ್‌ನಲ್ಲಿ 150, 200ನೇ ರ‍್ಯಾಂಕ್‌ನಲ್ಲಿ ಇರುವವರು ವರ್ಷಗಟ್ಟಲೆ ಯಾಕೆ ಆಡ್ತಾರೆ? ದೊಡ್ಡದು ಏನೂ ಗೆಲ್ಲಲ್ಲ ಅಂದಮೇಲೆ ಬಿಟ್ಟುಬಿಡಬಹುದಲ್ವಾ?

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ನೆನಪಾಗುವುದು ಜಪಾನಿನ ಯೂಯಿಚಿ ಸುಗಿತಾ. ಊರು ಸೆಂಡೈ, ಹುಟ್ಟಿದ್ದು 1988ರಲ್ಲಿ. ಜಪಾನ್ ಟೆನಿಸ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಕೇ ನಿಶಿಕೋರಿ ಮತ್ತು ನವೋಮಿ ಒಸಾಕಾ ಮಾತ್ರ ಗೊತ್ತು. ನಿಶಿಕೋರಿ ಸುಗಿತಾಗಿಂತ ಒಂದು ವರ್ಷ ಚಿಕ್ಕವರು. 18 ವರ್ಷಕ್ಕೇ, 2008ರಲ್ಲಿ, ಡೆಲ್‌ರೇ ಬೀಚ್‌ನಲ್ಲಿ ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಘ) ಪ್ರಶಸ್ತಿ ಗೆದ್ದರು. ಸುಗಿತಾ ಮಾತ್ರ ಗ್ರ್ಯಾಂಡ್ ಸ್ಲಾಮ್‌ನ ಮುಖ್ಯ ಸುತ್ತು ಆಡಲು 2014ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ 17 ಸಲ ಅರ್ಹತಾ ಸುತ್ತುಗಳಲ್ಲಿ ಸೋತಿದ್ದರು.

ಹದಿನೇಳು ಸಲ! ಇದನ್ನು ಓದಿದವರು ಪಾಪ ಅಂತಾರೆ. ಆದರೆ ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಗ್ರ್ಯಾಂಡ್ ಸ್ಲಾಮ್ ಪುರುಷರ ಸಿಂಗಲ್ಸ್‌ನಲ್ಲಿ 128 ಜಾಗ. ಅದರಲ್ಲಿ 104 ಜಾಗ ರ‍್ಯಾಂಕ್ ನೋಡಿ ಕೊಡುತ್ತಾರೆ. 8 ವೈಲ್ಡ್ ಕಾರ್ಡ್, ಅಂದರೆ ಆಯೋಜಕರು ತಾವೇ ಆರಿಸಿ ಕೊಡುವ ಜಾಗ. ಉಳಿದ 16 ಜಾಗಕ್ಕೆ ಇನ್ನೂ 128 ಜನ ಬಡಿದಾಡಬೇಕು. ಮೂರು ಪಂದ್ಯ, ಮೂರನ್ನೂ ಗೆಲ್ಲಬೇಕು. ವಿಂಬಲ್ಡನ್‌ನಲ್ಲಿ ಈ ಆಟ ನಡೆಯುವುದು ಮುಖ್ಯ ಮೈದಾನದಲ್ಲೂ ಅಲ್ಲ, ಕೆಲವು ಕಿಲೋಮೀಟರ್ ದೂರದ ರೋಹ್ಯಾಂಪ್ಟನ್‌ನಲ್ಲಿ. ಮೂರನೇ ಪಂದ್ಯ ಐದು ಸೆಟ್‌ಗಳದ್ದು.

ಈ ಅರ್ಹತಾ ಸುತ್ತಿಗೆ ಬರೋದಕ್ಕೂ ಸುಮಾರಾಗಿ 230ರ ಒಳಗಿನ ರ‍್ಯಾಂಕ್ ಬೇಕು. ರ‍್ಯಾಂಕಿಂಗ್ ಅಂಕಗಳು 52 ವಾರಕ್ಕೆ ಕಳಚಿ ಬೀಳುತ್ತವೆ. ಹೋದ ವರ್ಷ ಗೆದ್ದದ್ದನ್ನು ಈ ವರ್ಷ ಮತ್ತೆ ಗೆಲ್ಲಬೇಕು, ಇಲ್ಲದಿದ್ದರೆ ಕೆಳಗೆ. ಹಾಗಾದರೆ 17 ಸಲ ಅಲ್ಲಿ ಸೋತವರು ಅಂದರೆ, ವರ್ಷಗಟ್ಟಲೆ ಆ ಸಾಲಿನಿಂದ ಜಾರದೆ ನಿಂತವರು ಅಂತ ಅರ್ಥ. ನಾವು ಸೋಲನ್ನು ಎಣಿಸ್ತೀವಿ. ಆ ಸೋಲಿನ ಜಾಗಕ್ಕೆ ಪ್ರತಿ ಸಲ ತಲುಪಲು ಎಷ್ಟು ಪಂದ್ಯ ಗೆದ್ದಿರಬೇಕು ಅನ್ನೋದನ್ನು ಎಣಿಸಲ್ಲ.

ಆ ಗೆಲುವುಗಳು ಬರುವುದು ಎಟಿಪಿಯ ಮುಖ್ಯ ಟೂರ್ನಿಗಳಿಗಿಂತ ಒಂದು ಮೆಟ್ಟಿಲು ಕೆಳಗಿನ ಚಾಲೆಂಜರ್ ಟೂರ್ನಿಗಳಲ್ಲಿ. ಟಿವಿಯಲ್ಲಿ ಬರಲ್ಲ, ಬಹುಮಾನ ಕಡಿಮೆ, ವಾರಕ್ಕೊಂದು ಊರು. 2014ರಲ್ಲಿ ಸುಗಿತಾ ನಮ್ಮ ಪುಣೆಯಲ್ಲೂ ಇಂಥ ಒಂದು ಪ್ರಶಸ್ತಿ ಗೆದ್ದರು. ವಿಮಾನ, ಕೋಚ್, ಫಿಸಿಯೋ ಎಲ್ಲದರ ಖರ್ಚೂ ಆಟಗಾರನ ತಲೆಯ ಮೇಲೆ. ಜಪಾನಿನಲ್ಲಿ ಇದಕ್ಕೆ ಒಂದು ಆಸರೆ ಇದೆ. ಅಲ್ಲಿ ಎಷ್ಟೋ ಆಟಗಾರರು ಯಾವುದಾದರೂ ಕಂಪನಿಗೆ ಸೇರಿದವರಾಗಿ ಆಡುತ್ತಾರೆ. ಸುಗಿತಾ ಹೆಸರಿನ ಜೊತೆ ಮಿತ್ಸುಬಿಷಿ ಎಲೆಕ್ಟ್ರಿಕ್ ಅಂತ ಇರುತ್ತಿತ್ತು. ನಮ್ಮಲ್ಲಿ ರೈಲ್ವೆ, ಬ್ಯಾಂಕುಗಳು ಆಟಗಾರರನ್ನು ಸೇರಿಸಿಕೊಂಡ ಹಾಗೆ. ಛಲ ಒಂದಿದ್ದರೆ ಸಾಕು ಅನ್ನೋ ಮಾತನ್ನು ನಾನು ಒಪ್ಪಲ್ಲ. ಹಿಂದೆ ಯಾರಾದರೂ ನಿಂತಿದ್ದರೇ ಇಷ್ಟು ವರ್ಷ ಛಲ ಉಳಿಯೋದು.

ಹದಿನೆಂಟನೇ ಪ್ರಯತ್ನ 2014ರ ವಿಂಬಲ್ಡನ್. ಅಲ್ಲಿ ಬಾಗಿಲು ತೆರೆಯಿತು. ಮೊದಲ ಸುತ್ತಿನಲ್ಲೇ ಎದುರಾದವರು ಫೆಲಿಸಿಯಾನೋ ಲೋಪೆಜ್, ಹುಲ್ಲಿನ ಮೇಲೆ ಪಳಗಿದ ಆಟಗಾರ. ಸುಗಿತಾ ಮೂರು ಸೆಟ್‌ಗಳಲ್ಲಿ ಸೋತರು. ಮೂರೂ ಟೈಬ್ರೇಕ್, ಅಂದರೆ ಮೂರೂ ಸೆಟ್ 6-6ರಲ್ಲಿ ಸಮವಾದ ಮೇಲೇ ತೀರ್ಮಾನವಾದದ್ದು! ಆ ವರ್ಷ ಮೊದಲ ಸುತ್ತಿನಲ್ಲಿ ಸೋತವರಿಗೂ 27,000 ಪೌಂಡ್ ಸಿಗುತ್ತಿತ್ತು. 104ನೇ ಜಾಗಕ್ಕೂ 150ನೇ ಜಾಗಕ್ಕೂ ಇರುವ ದೂರ ಎಷ್ಟು ಅಂತ ಈಗ ಗೊತ್ತಾಗುತ್ತೆ, ಅಲ್ವಾ? ಆಟದಲ್ಲಿ ಕೂದಲೆಳೆಯಷ್ಟು, ಜೇಬಿನಲ್ಲಿ ಬಹಳ ಜಾಸ್ತಿ.

ನನಗೆ ಇಷ್ಟವಾದ ಭಾಗ ಇನ್ನು ಮುಂದೆ. 2017ರ ಏಪ್ರಿಲ್‌ನಲ್ಲಿ ಬಾರ್ಸಿಲೋನಾದ ಅರ್ಹತಾ ಸುತ್ತಿನಲ್ಲಿ ಸುಗಿತಾ ಮತ್ತೆ ಸೋತರು. ಬೇರೊಬ್ಬರು ಹಿಂದೆ ಸರಿದದ್ದರಿಂದ ಲಕ್ಕಿ ಲೂಸರ್ ಆಗಿ ಒಳಗೆ ಬಂದರು. ಕ್ವಾರ್ಟರ್ ಫೈನಲ್‌ವರೆಗೆ ಹೋದರು! ಜೂನ್‌ನಲ್ಲಿ ಇಂಗ್ಲೆಂಡಿನ ಸರ್ಬಿಟನ್ ಚಾಲೆಂಜರ್ ಗೆದ್ದರು. ಜುಲೈ 1ಕ್ಕೆ ಟರ್ಕಿಯ ಅಂಟಾಲ್ಯದಲ್ಲಿ ಆಡ್ರಿಯಾನ್ ಮನ್ನಾರಿನೋ ಅವರನ್ನು ಸೋಲಿಸಿ ಎಟಿಪಿ ಪ್ರಶಸ್ತಿ ಎತ್ತಿದರು. ಶುಜೋ ಮತ್ಸುಓಕಾ, ನಿಶಿಕೋರಿ ನಂತರ ಎಟಿಪಿ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೂರನೇ ಜಪಾನಿ ಪುರುಷ ಆಟಗಾರ ಅವರು. ವಯಸ್ಸು 28. ಆ ಅಕ್ಟೋಬರ್‌ನಲ್ಲಿ ರ‍್ಯಾಂಕ್ 36ಕ್ಕೆ ಏರಿತು. ಅದೇ ಅವರ ಅತ್ಯುತ್ತಮ ರ‍್ಯಾಂಕ್.

ಎಲ್ಲರಿಗೂ ಅಂಟಾಲ್ಯ ಸಿಗಲ್ಲ, ನಿಜ. ಹೆಚ್ಚಿನವರಿಗೆ ಸಿಗೋದೇ ಇಲ್ಲ. ಆದರೆ 2017ಕ್ಕೆ ಮೊದಲು ಅದು ಸುಗಿತಾಗೂ ಗೊತ್ತಿರಲಿಲ್ಲ. ಬಿಡಬೇಕಾದ್ದು ಯಾವ ಸೋಲಿನ ನಂತರ, ಏಳನೆಯದೋ ಹದಿನೇಳನೆಯದೋ ಅಂತ ಹೊರಗೆ ಕೂತ ನಾವು ಹೇಗೆ ಹೇಳೋಣ?

ಇಂಥ ಆಟ ನೋಡಲು ದೂರ ಹೋಗಬೇಕಿಲ್ಲ. 2025ರಲ್ಲಿ ಬೆಂಗಳೂರು ಓಪನ್ ಚಾಲೆಂಜರ್‌ನ ಫೈನಲ್ ಆಡಿದ ಶಿಂತಾರೋ ಮೊಚಿಝುಕಿ ಕೂಡ ಜಪಾನಿನವರೇ. 2019ರಲ್ಲಿ ವಿಂಬಲ್ಡನ್ ಜೂನಿಯರ್ ಚಾಂಪಿಯನ್ ಆಗಿದ್ದ ಹುಡುಗ, 21ರ ವಯಸ್ಸಿಗೆ ಕಬ್ಬನ್ ಪಾರ್ಕಿನ ಕೋರ್ಟ್‌ನಲ್ಲಿ ಅಂಕಕ್ಕಾಗಿ ಓಡುತ್ತಿದ್ದರು. ಮುಂದಿನ ಸಲ ಟೂರ್ನಿ ಬಂದಾಗ ಫೈನಲ್‌ಗೆ ಕಾಯಬೇಡಿ. ಶುರುವಿನ ಕ್ವಾಲಿಫೈಯಿಂಗ್ ದಿನವೇ ಹೋಗಿ ಕೂತುಕೊಳ್ಳಿ.