ಹೊಸೂರಿನಾಚೆ ಏನು? ಅವಳಿ ನಗರದ ಲಘು ರೈಲು ಮತ್ತು ನಡುಪೇಟೆ ನಿಲ್ದಾಣದ ಕಗ್ಗಂಟು

ಬಿಆರ್‌ಟಿಎಸ್ ಎಂಬ ತ್ವರಿತ ಬಸ್ ಸಾರಿಗೆಯ ‘ಚಿಗರಿ’ ಬಸ್ಸುಗಳಿಗೆ ಮೀಸಲಾದ ಪಥದಲ್ಲಿ ಲಘು ರೈಲು ಓಡಿಸಬೇಕು, ಇಲ್ಲವಾದರೆ ಟ್ರಾಮಿನಂಥ ಉದ್ದನೆಯ ವಿದ್ಯುತ್ ವಾಹನವನ್ನಾದರೂ ತರಬೇಕು ಎಂಬ ಮಾತು ಹುಬ್ಬಳ್ಳಿ-ಧಾರವಾಡದಲ್ಲಿ ಈಚೆಗೆ ಮತ್ತೆ ಮತ್ತೆ ಏಳುತ್ತಿದೆ. ಬೇಕು ಅನ್ನುವವರು ಪಥ ಹೇಗೂ ಸಿದ್ಧವಿದೆ ಎನ್ನುತ್ತಾರೆ. ಬೇಡ ಅನ್ನುವವರು ಬಿಆರ್‌ಟಿಎಸ್‌ನಲ್ಲಿ ಉಂಡದ್ದು ಸಾಕು ಎನ್ನುತ್ತಾರೆ. ಇಬ್ಬರ ಕಣ್ಣೂ ಇರುವುದು ಉಣಕಲ್, ನವನಗರ, ಸತ್ತೂರು ಕಡೆಯ ಅಗಲ ರಸ್ತೆಯ ಮೇಲೆ. ಯೋಜನೆ ಬದುಕುವುದೋ ಬಿದ್ದುಹೋಗುವುದೋ ತೀರ್ಮಾನವಾಗುವ ಜಾಗ ಬೇರೆ: ಹುಬ್ಬಳ್ಳಿಯ ಹೊಸೂರು ದಾಟಿ ಹಳೆ ಬಸ್ ನಿಲ್ದಾಣ, ಚನ್ನಮ್ಮ ವೃತ್ತ, ರೈಲು ನಿಲ್ದಾಣ, ಸಿಬಿಟಿ (ನಗರ ಬಸ್ ನಿಲ್ದಾಣ) ಕಡೆಗೆ ಹೋಗುವ ಸಣ್ಣ ತುಣುಕು. ಅಲ್ಲಿ ಒಂದು ನಿಲ್ದಾಣ ಕಟ್ಟುವುದೆಂದರೆ ಏನೇನು ಮಾಡಬೇಕು, ಯಾವುದು ಎಲ್ಲಿ ತಡೆಯುತ್ತದೆ ಎಂಬುದು ಚರ್ಚೆಗೇ ಬರುತ್ತಿಲ್ಲ.

ಹಳೆಯ ಕತೆ ಚಿಕ್ಕದಾಗಿ ಹೇಳುವುದಾದರೆ, 1880ರ ದಶಕದಲ್ಲಿ ರೈಲೂ ಅದರ ಕಾರ್ಯಾಗಾರವೂ ಹುಬ್ಬಳ್ಳಿಗೆ ಬಂದವು, 1962ರಲ್ಲಿ ಎರಡೂ ಊರಿಗೆ ಒಂದೇ ಮಹಾನಗರ ಪಾಲಿಕೆಯಾಯಿತು, ಬೈಪಾಸ್ ಆದಮೇಲೆ ದೂರದ ಲಾರಿಗಳು ಹೊರಗೆ ಹೋಗಿ ಎರಡೂ ಊರನ್ನು ಜೋಡಿಸುವ ಪುಣೆ-ಬೆಂಗಳೂರು (ಪಿ.ಬಿ.) ರಸ್ತೆ ಊರವರ ಪಾಲಿಗೆ ಉಳಿಯಿತು, 2011ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ 9.43 ಲಕ್ಷ ಮುಟ್ಟಿತ್ತು.

ಬಿಆರ್‌ಟಿಎಸ್‌ಗಾಗಿ ಪ್ರತ್ಯೇಕ ಕಂಪನಿ ಹುಟ್ಟಿದ್ದು 2012ರಲ್ಲಿ. ವಿಶ್ವಬ್ಯಾಂಕ್ ನೆರವಿನ ಕೇಂದ್ರದ ಸುಸ್ಥಿರ ನಗರ ಸಾರಿಗೆ ಯೋಜನೆಯಲ್ಲಿ ಅವಳಿ ನಗರಕ್ಕೆ ಜಾಗ ಸಿಕ್ಕಿತ್ತು. ಸುಮಾರು 22 ಕಿ.ಮೀ. ದಾರಿ, 35ರಿಂದ 44 ಮೀಟರ್ ಅಗಲದ ರಸ್ತೆ, ನಟ್ಟನಡುವೆ ಬಸ್ಸಿಗೇ ಮೀಸಲಾದ ಪಥ. ಪ್ರತಿ ದಿಕ್ಕಿಗೂ ಎರಡು ಲೇನ್ ಇಟ್ಟದ್ದು ಈ ಯೋಜನೆಯ ಜಾಣತನ. ನಿಲ್ದಾಣದಲ್ಲಿ ನಿಂತ ಬಸ್ಸನ್ನು ದಾಟಿ ತಡೆರಹಿತ ಬಸ್ ಮುಂದೆ ಹೋಗುತ್ತದೆ. ದೇಶದ ಹಲವು ಬಿಆರ್‌ಟಿಎಸ್‌ಗಳಲ್ಲಿ ಈ ಅನುಕೂಲ ಇಲ್ಲ. 2018ರ ಅಕ್ಟೋಬರ್ 2ರಂದು ಪ್ರಾಯೋಗಿಕ ಸಂಚಾರ ಶುರುವಾಯಿತು, 2020ರ ಫೆಬ್ರುವರಿ 2ರಂದು ವಿಧ್ಯುಕ್ತ ಉದ್ಘಾಟನೆ ನಡೆಯಿತು. ಎರಡು ತಿಂಗಳು ತುಂಬುವ ಮೊದಲೇ ಲಾಕ್‌ಡೌನ್ ಬಂದು ಬಸ್ಸುಗಳು ಡಿಪೋ ಸೇರಿದವು.

ಕಂಪನಿ ಹುಟ್ಟಿದ್ದಕ್ಕೂ ಮೊದಲ ಬಸ್ ಓಡಿದ್ದಕ್ಕೂ ನಡುವೆ ಆರು ವರ್ಷ. ರಸ್ತೆ ಡಾಂಬರು ಮಾಡಲು ಇಷ್ಟು ಹೊತ್ತು ಬೇಕಿಲ್ಲ. ಹೊತ್ತು ತಿಂದದ್ದು ಜಾಗ, ಮರ, ನಳದ ಕೊಳವೆ, ಗಟಾರ, ವಿದ್ಯುತ್ ಕೇಬಲ್. ಭೂಸ್ವಾಧೀನದ ಕಾನೂನೇ 2014ರ ಜನವರಿ 1ರಿಂದ ದೇಶದಾದ್ಯಂತ ಬದಲಾಯಿತು. ಭೈರಿದೇವರಕೊಪ್ಪದಲ್ಲಿ ರಸ್ತೆಗೆ ಅಡ್ಡವಿದ್ದ ದರ್ಗಾದ ಸ್ಥಳಾಂತರ ನಡೆದದ್ದು 2022ರ ಡಿಸೆಂಬರಿನಲ್ಲಿ, ಅಂದರೆ ಉದ್ಘಾಟನೆಯಾಗಿ ಹೆಚ್ಚುಕಡಿಮೆ ಮೂರು ವರ್ಷದ ಮೇಲೆ. ಧಾರವಾಡದ ಟೋಲ್ ನಾಕಾದಲ್ಲಿ ಮಳೆ ಬಿದ್ದರೆ ನೀರು ನಿಲ್ಲುವುದಂತೂ ಹಳೆಯ ದೂರು. ನಡುವೆ ಪಥ ಎತ್ತರವಾದಾಗ ರಸ್ತೆಯ ಈ ಬದಿಯ ನೀರು ಆ ಬದಿಗೆ ಹೋಗಲಾರದು. ಅಡ್ಡಮೋರಿಗಳ ಗಾತ್ರವನ್ನು ಮೊದಲೇ ಲೆಕ್ಕ ಹಾಕಿ ಇಡದಿದ್ದರೆ ಆಮೇಲೆ ಪಥವನ್ನೇ ಕೊರೆಯಬೇಕಾಗುತ್ತದೆ.

ಇಷ್ಟಾದರೂ ಪೇಟೆಯೊಳಗಿನ ಪ್ರಶ್ನೆ ಹಾಗೇ ಉಳಿಯಿತು. ಹೊಸೂರಿನಿಂದ ಒಳಗೆ ಬಂದರೆ ಚಿಗರಿಗೂ ಟಂಟಂಗೂ ಬೈಕಿಗೂ ಒಂದೇ ರಸ್ತೆ. ಬಸ್ಸಾದ್ದರಿಂದ ಇದು ನಡೆಯಿತು. ಸ್ಟೇರಿಂಗ್ ಇರುವ ವಾಹನ ಗುಂಡಿ ಕಂಡರೆ ಸರಿದು ಹೋಗುತ್ತದೆ, ರಸ್ತೆ ಬಂದ್ ಆದರೆ ಬೇರೆ ದಾರಿ ಹಿಡಿಯುತ್ತದೆ. ಹಳಿಯ ಮೇಲಿನ ವಾಹನಕ್ಕೆ ಎದುರಿಗೆ ಒಂದು ತರಕಾರಿ ಗಾಡಿ ನಿಂತರೂ ಮುಂದಕ್ಕೆ ಗತಿಯಿಲ್ಲ.

ಕಾಗದದ ದಾರಿಯೂ ಸಣ್ಣದಲ್ಲ. ಕೇಂದ್ರದ 2017ರ ಮೆಟ್ರೊ ನೀತಿಯ ಪ್ರಕಾರ ನೆರವು ಕೇಳುವ ನಗರ ಮೊದಲು ಸಮಗ್ರ ಸಾರಿಗೆ ಯೋಜನೆ ಮಾಡಬೇಕು, ಬಸ್, ಟ್ರಾಮ್, ಲಘು ರೈಲು, ಮೆಟ್ರೊಗಳನ್ನು ಪಕ್ಕಪಕ್ಕ ಇಟ್ಟು ತೂಗಿ ನೋಡಬೇಕು. ಸಣ್ಣ ನಗರಗಳಿಗೆಂದು 2019ರಲ್ಲಿ ಲಘು ರೈಲಿನ ‘ಮೆಟ್ರೊಲೈಟ್’, 2020ರಲ್ಲಿ ರಬ್ಬರ್ ಚಕ್ರದ ‘ಮೆಟ್ರೊ ನಿಯೊ’ ಎಂಬ ಮಾನದಂಡಗಳು ಬಂದವು. ಮೆಟ್ರೊಲೈಟ್‌ಗೆ ಒಂದು ದಿಕ್ಕಿನಲ್ಲಿ ಗಂಟೆಗೆ 2,000ದಿಂದ 15,000 ಪ್ರಯಾಣಿಕರ ಲೆಕ್ಕ, ನಿಯೊಗೆ 8,000ದವರೆಗೆ. 2021ರ ಬಜೆಟ್‌ನಲ್ಲಿ ನಾಸಿಕ್‌ನ ನಿಯೊಗೆ 2,092 ಕೋಟಿ ರೂಪಾಯಿ ಘೋಷಣೆಯಾಯಿತು. 2020ರ ದಶಕ ಅರ್ಧ ಕಳೆದರೂ ಎರಡರಲ್ಲಿ ಒಂದೂ ದೇಶದ ಯಾವ ಊರಲ್ಲೂ ಓಡಲಿಲ್ಲ. ನೋಡಿ ಕಲಿಯೋಣವೆಂದರೆ ಹತ್ತಿರದಲ್ಲಿ ಮಾದರಿ ಇಲ್ಲ ಎಂದಾಯಿತು.

ಈಗ ನಿಲ್ದಾಣಕ್ಕೆ ಬರೋಣ. ನಕ್ಷೆಯಲ್ಲಿ ಅದು ಒಂದು ಚೌಕ. ರಸ್ತೆಯ ಮೇಲೆ ಅದಕ್ಕೆ ಎಷ್ಟು ಜಾಗ ಬೇಕು? ಎರಡು ಹಳಿದಾರಿಗೆ ಸುಮಾರು 7 ಮೀಟರ್, ನಡುವಿನ ಪ್ಲಾಟ್‌ಫಾರ್ಮಿಗೆ ಕನಿಷ್ಠ 4. ಎರಡೂ ಬದಿಗೆ ಎರಡೆರಡು ಲೇನ್ ವಾಹನಗಳಿಗೆ ತಲಾ 7, ಕಾಲುದಾರಿಗೆ ತಲಾ ಎರಡೂವರೆ. ಕೂಡಿಸಿದರೆ 30 ಮೀಟರ್. ಅಂಗಡಿಯ ಮುಂದೆ ಸಾಮಾನು ಇಳಿಸುವ ಗಾಡಿ, ಆಟೊ ಸ್ಟ್ಯಾಂಡ್ ಇದರಲ್ಲಿ ಸೇರಿಲ್ಲ. ಹುಬ್ಬಳ್ಳಿಯ ಪೇಟೆ ನಡೆಯುವುದೇ ಅವುಗಳ ಮೇಲೆ. ಅವಕ್ಕೆ ಜಾಗ ತೋರಿಸದ ನಕ್ಷೆ ಮೊದಲ ವಾರವೇ ಮುರಿಯುತ್ತದೆ.

ಅಗಲ ಸಿಕ್ಕರೆ ಸಾಲದು, ದಾರಿ ನೇರವೂ ಇರಬೇಕು. ಟ್ರಾಮ್ 25 ಮೀಟರ್ ತ್ರಿಜ್ಯದ ತಿರುವನ್ನೂ ತಿರುಗಬಲ್ಲದು, ಆದರೆ ತಿರುಗುವಾಗ ಅದರ ಮೂಲೆಗಳು ಹೊರಕ್ಕೆ ಚಾಚುತ್ತವೆ, ಹೊಟ್ಟೆ ಒಳಕ್ಕೆ ಸರಿಯುತ್ತದೆ. ಅದಕ್ಕೇ ಪ್ಲಾಟ್‌ಫಾರ್ಮಿನ 40-50 ಮೀಟರ್ ಉದ್ದವೂ ಅದರ ಎರಡೂ ತುದಿಯಾಚೆ ಒಂದಷ್ಟು ದೂರವೂ ಹಳಿ ನೇರವಾಗಿ, ಸಮತಟ್ಟಾಗಿ ಹೋಗಬೇಕು. ಬಾಗಿಲಿಗೂ ಅಂಚಿಗೂ ನಡುವೆ 5ರಿಂದ 7 ಸೆಂಟಿಮೀಟರಿಗಿಂತ ಹೆಚ್ಚು ಸಂದು ಬಿಟ್ಟರೆ ಗಾಲಿಕುರ್ಚಿ ಹತ್ತುವುದಿಲ್ಲ.

ಚಿಗರಿಯ ನಿಲ್ದಾಣಗಳನ್ನೇ ಬಳಸಬಹುದಲ್ಲ ಎಂಬ ಪ್ರಶ್ನೆಗೆ ಉತ್ತರ ವಾಹನದ ನೆಲದ ಎತ್ತರದಲ್ಲಿದೆ. ಈಗಿನ ವೇದಿಕೆಗಳನ್ನು ಕಟ್ಟಿರುವುದು ಚಿಗರಿಯ ನೆಲಕ್ಕೂ ಅದರ ಬಲಬದಿಯ ಬಾಗಿಲುಗಳ ಅಂತರಕ್ಕೂ ಹೊಂದುವಂತೆ. ತಗ್ಗು ನೆಲದ ಟ್ರಾಮಿನ ನೆಲ ಹಳಿಯಿಂದ 30-35 ಸೆಂಟಿಮೀಟರ್ ಮೇಲೆ ಮಾತ್ರ. ಅದನ್ನು ಆರಿಸಿಕೊಂಡರೆ ಮೂವತ್ತಕ್ಕೂ ಹೆಚ್ಚು ನಿಲ್ದಾಣಗಳ ವೇದಿಕೆ ಒಡೆಯಬೇಕು. ಎತ್ತರ ನೆಲದ್ದನ್ನು ಆರಿಸಿಕೊಂಡರೆ ಹೊರಗಿನ ನಿಲ್ದಾಣಗಳು ಉಳಿಯುತ್ತವೆ, ಆದರೆ ಪೇಟೆಯ ಇಕ್ಕಟ್ಟಿನಲ್ಲಿ ಎತ್ತರದ ವೇದಿಕೆಗೆ ಉದ್ದನೆಯ ಇಳಿಜಾರು ಕಟ್ಟಬೇಕು. 12 ಮೀಟರಿಗೆ 1 ಮೀಟರ್ ಏರಿನ ಲೆಕ್ಕದಲ್ಲಿ 90 ಸೆಂಟಿಮೀಟರ್ ಹತ್ತಲು ಹತ್ತಿರಹತ್ತಿರ 11 ಮೀಟರ್ ಇಳಿಜಾರು ಬೇಕಾಗುತ್ತದೆ. ವಾಹನ ಯಾವುದೆಂದು ತೀರ್ಮಾನವಾಗದೆ ನಿಲ್ದಾಣದ ನಕ್ಷೆ ಬರೆದರೆ ಎರಡನೆಯ ಸಲ ಬರೆಯಬೇಕಾಗುವುದು ಖಚಿತ. ಇಂಥ ಯೋಜನೆಗಳಲ್ಲಿ ವಿನ್ಯಾಸದ ಹಂತವೇ ವರ್ಷಗಟ್ಟಲೆ ಎಳೆಯುವುದಕ್ಕೆ ಇದೊಂದು ದೊಡ್ಡ ಕಾರಣ. ವಾಹನದ ಟೆಂಡರ್ ಒಂದು ಮೇಜಿನ ಮೇಲೆ, ಕಟ್ಟಡದ ಟೆಂಡರ್ ಇನ್ನೊಂದು ಮೇಜಿನ ಮೇಲೆ.

ನೆಲದಡಿಯದು ಇದಕ್ಕಿಂತ ಕಠಿಣ. ರಸ್ತೆಗೆ ಸಮವಾಗಿ ಹಳಿ ಹೂಳಲು 60-70 ಸೆಂಟಿಮೀಟರ್ ಅಗೆಯಬೇಕು: ಕೆಳಗೆ ಗಟ್ಟಿ ತಳ, ಅದರ ಮೇಲೆ ಕಾಂಕ್ರೀಟ್ ಹಾಸು, ಅದರ ಮೇಲೆ ಹಳಿ. ಹುಬ್ಬಳ್ಳಿಯ ನೆಲ ಬಹಳ ಕಡೆ ಎರೆ, ಅಂದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಡಾಂಬರು ರಸ್ತೆಯಲ್ಲಿ ಇದು ಅಲೆಯಾಗಿ ಕಾಣಿಸಿಕೊಂಡರೆ ಹಳಿಯಲ್ಲಿ ವೇದಿಕೆಗೂ ವಾಹನಕ್ಕೂ ಇರುವ ಹೊಂದಾಣಿಕೆಯನ್ನೇ ಕೆಡಿಸುತ್ತದೆ. ಎರೆಯನ್ನು ಇನ್ನಷ್ಟು ಆಳಕ್ಕೆ ತೆಗೆದು ಗರಸು ತುಂಬಿ, ನೀರು ಹಾಕಿ, ಪದರ ಪದರವಾಗಿ ರೋಲರ್ ಹೊಡೆಯಬೇಕು, ಇಲ್ಲವೇ ಸುಣ್ಣ ಬೆರೆಸಿ ಹದ ಮಾಡಬೇಕು. ಪಕ್ಕದಲ್ಲೇ ಸೋರುವ ನಳದ ಕೊಳವೆ ಇದ್ದರೆ ಎರಡೂ ವ್ಯರ್ಥ.

ಹಳಿಯ ಹಾಸಿನಡಿ ಯಾವ ಕೊಳವೆಯೂ ಉದ್ದಕ್ಕೆ ಇರಬಾರದು. ಇದ್ದರೆ ಅದು ಒಡೆದ ದಿನ ಸಂಚಾರವನ್ನೇ ನಿಲ್ಲಿಸಿ ಅಗೆಯಬೇಕಾಗುತ್ತದೆ. ಸರಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಒಳಚರಂಡಿ, ಏಕೆಂದರೆ ಅದು ಎಲ್ಲಕ್ಕಿಂತ ಆಳದಲ್ಲಿದೆ ಮತ್ತು ಅದರ ನೀರು ತಾನೇ ಹರಿಯಬೇಕು. 150 ಮಿಲಿಮೀಟರ್ ಕೊಳವೆಗೆ 170 ಮೀಟರಿಗೆ ಸುಮಾರು 1 ಮೀಟರ್ ಇಳಿಜಾರು ಬೇಕು. ನಾಲ್ಕು ಮೀಟರ್ ಪಕ್ಕಕ್ಕೆ ಸರಿಸಿದರೂ ಮುಂದಿನ ಮ್ಯಾನ್‌ಹೋಲ್‌ಗಳ ಆಳವನ್ನೆಲ್ಲ ಮತ್ತೆ ಲೆಕ್ಕ ಹಾಕಬೇಕು. ಅದಾದ ಮೇಲೆ ಕುಡಿಯುವ ನೀರು, ಆಮೇಲೆ ವಿದ್ಯುತ್, ಕೊನೆಗೆ ಇಂಟರ್‌ನೆಟ್ ಕೇಬಲ್. ಒಂದೊಂದಕ್ಕೆ ಒಂದೊಂದು ಇಲಾಖೆ, ಒಂದೊಂದು ಅಂದಾಜುಪಟ್ಟಿ. ಈ ಕ್ರಮ ತಪ್ಪಿ ಕೇಬಲ್ ಮೊದಲು ಹಾಕಿದರೆ ಚರಂಡಿಗೆ ಅಗೆಯುವಾಗ ಅದೇ ಕೇಬಲ್ ಕಡಿಯುತ್ತದೆ. ಹುಬ್ಬಳ್ಳಿಯಲ್ಲಿ ಈ ದೃಶ್ಯ ನೋಡಲು ಲಘು ರೈಲೇ ಬರಬೇಕೆಂದಿಲ್ಲ.

ನೆಲದಡಿ ಏನಿದೆ ಎಂದು ತಿಳಿಯಲು ರಡಾರ್ ಸಮೀಕ್ಷೆ ಒಂದನ್ನೇ ನಂಬುವಂತಿಲ್ಲ. ಒದ್ದೆ ಎರೆ ಮಣ್ಣಿನಲ್ಲಿ ರಡಾರ್ ಅಲೆ ಆಳಕ್ಕಿಳಿಯುವುದಿಲ್ಲ. ಇಪ್ಪತ್ತು ಇಪ್ಪತ್ತೈದು ಮೀಟರಿಗೊಂದರಂತೆ ರಸ್ತೆಗೆ ಅಡ್ಡಲಾಗಿ ಪರೀಕ್ಷಾ ಗುಂಡಿ ತೆಗೆದು, ಕೈಯಲ್ಲಿ ಅಗೆದು, ಕಂಡ ಕೊಳವೆಯ ಆಳ, ವ್ಯಾಸ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬರೆದಿಡಬೇಕು. ಬೇಸಿಗೆಯಲ್ಲಿ, ರಾತ್ರಿ ಹೊತ್ತು ಮಾಡುವ ಕೆಲಸ ಇದು. ಯಾರೂ ಶಿಲಾನ್ಯಾಸ ಮಾಡುವ ಕೆಲಸವಲ್ಲ, ಹಾಗಾಗಿ ಟೆಂಡರ್ ಆದಮೇಲೆ ಗುತ್ತಿಗೆದಾರರ ತಲೆಗೆ ಬೀಳುತ್ತದೆ. ಆಗ ಸಿಕ್ಕ ಪ್ರತಿ ಹೊಸ ಕೊಳವೆಯೂ ಒಂದು ಹೆಚ್ಚುವರಿ ಬಿಲ್ಲು, ಒಂದು ತಕರಾರು.

ಇದು ನಮ್ಮ ಊರಿಗಷ್ಟೇ ಅಂಟಿದ್ದಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ 54.5 ಕೋಟಿ ಪೌಂಡ್ ಅಂದಾಜಿನ ಟ್ರಾಮ್ 77.6 ಕೋಟಿಗೆ ಮುಟ್ಟಿ, 2014ರ ಮೇ 31ರಂದು ಓಡಿತು, ಅದೂ ದಾರಿಯನ್ನು ಮೊಟಕುಗೊಳಿಸಿ. ನೆಲದಡಿಯ ಕೊಳವೆಗಳ ಸ್ಥಳಾಂತರ ಮತ್ತು ಗುತ್ತಿಗೆಯ ಜಗಳ ಅಲ್ಲಿನ ಮುಖ್ಯ ತೊಡಕುಗಳು. ಸಿಡ್ನಿಯಲ್ಲಿ ನಡುಪೇಟೆಯ ಜಾರ್ಜ್ ಸ್ಟ್ರೀಟ್ ಅಗೆದಾಗ ಇದೇ ಬಗೆಯ ತಕರಾರು ನ್ಯಾಯಾಲಯದವರೆಗೆ ಹೋಗಿ, ಮಾರ್ಗ 2019ರ ಡಿಸೆಂಬರಿಗೆ ತೆರೆಯಿತು.

ನಮ್ಮಲ್ಲಿ ಇದರ ಮೇಲೆ ಇನ್ನೊಂದು ಸೇರಿಕೊಂಡಿದೆ, ಚನ್ನಮ್ಮ ವೃತ್ತದ ಮೇಲ್ಸೇತುವೆ. ವಾಹನ ದಟ್ಟಣೆಗೆ ಅದು ಬೇಕಿತ್ತೋ ಬೇಡವೋ ಎಂಬ ವಾದ ಬೇರೆ. ಪಿಲ್ಲರುಗಳು ನಿಂತಿರುವ ರಸ್ತೆಯ ನಡುಭಾಗವೇ ನಾಳೆ ಹಳಿ ಹೋಗಬೇಕಾದ ಜಾಗವೂ ಹೌದು. ಪಿಲ್ಲರಿನ ಎರಡು ಬದಿಗೆ ಒಂದೊಂದು ಹಳಿ ಹಾಕಬಹುದು, ಆಗ ನಡುವಿನ ಪ್ಲಾಟ್‌ಫಾರ್ಮ್ ಹೋಗಿ ಎರಡು ಅಂಚಿನ ಪ್ಲಾಟ್‌ಫಾರ್ಮ್ ಬೇಕು, ಮೇಲೆ ಹಾಕಿದ 30 ಮೀಟರ್ ಲೆಕ್ಕ ಇನ್ನೂ ದೊಡ್ಡದಾಗುತ್ತದೆ. ಪಿಲ್ಲರಿನ ಬುಡದ ಅಡಿಪಾಯ ನೆಲದ ಮೇಲೆ ಕಾಣುವುದಕ್ಕಿಂತ ಬಹಳ ಅಗಲವಿರುವುದರಿಂದ ಕೊಳವೆ ಸರಿಸಲು ಇದ್ದ ಜಾಗವೂ ಕಡಿಮೆ. ವಾಹನಕ್ಕೆ ವಿದ್ಯುತ್ ಕೊಡುವ ಮೇಲಿನ ತಂತಿಯ ಸಮಸ್ಯೆ ಬೇರೆ. ಹೆದ್ದಾರಿ ಸೇತುವೆಯಡಿ ಸಾಮಾನ್ಯವಾಗಿ ಬಿಡುವ ಎತ್ತರ 5.5 ಮೀಟರ್. 750 ವೋಲ್ಟ್ ತಂತಿ ಲಾರಿಗೆ ತಗುಲದಷ್ಟು ಮೇಲೂ ಇರಬೇಕು, ಸೇತುವೆಯ ತೊಲೆಗೆ ತಾಗದಷ್ಟು ಕೆಳಗೂ ಇರಬೇಕು. ಅಷ್ಟು ದೂರ ತಂತಿಯಿಲ್ಲದೆ ಬ್ಯಾಟರಿಯಲ್ಲಿ ದಾಟಿಸುವುದು ಒಂದು ಉಪಾಯ. ಹಾಗೆಂದು ಮೊದಲೇ ನಿರ್ಧರಿಸಿ ವಾಹನದ ಟೆಂಡರಿನಲ್ಲಿ ಬರೆಯಬೇಕು, ಆಮೇಲೆ ಸೇರಿಸುವಂಥದ್ದಲ್ಲ.

ಮೇಲ್ಸೇತುವೆಯ ಕಡತದಲ್ಲಿ ರೈಲು ಇರಲಿಲ್ಲ, ಬಸ್ ನಿಲ್ದಾಣದ ಕಡತದಲ್ಲಿ ಮೇಲ್ಸೇತುವೆ ಇರಲಿಲ್ಲ, ನೀರಿನ ಕೊಳವೆಯ ಕಡತದಲ್ಲಿ ಎರಡೂ ಇರಲಿಲ್ಲ. ಆಯಾ ಕಡತದೊಳಗೆ ಎಲ್ಲರ ಕೆಲಸವೂ ಸರಿಯೇ.

ಹಾಗಾದರೆ ಪೇಟೆಗೆ ದಾರಿಗಳೇನು? ಹಳಿಯನ್ನು ಚನ್ನಮ್ಮ ವೃತ್ತದ ಮೂಲಕ ನೆಲದ ಮೇಲೇ ಒಯ್ಯುವುದಾದರೆ ಖಾಸಗಿ ಕಾರು, ಬೈಕುಗಳನ್ನು ಆ ರಸ್ತೆಯಿಂದ ಹೊರಗಿಡುವ ತೀರ್ಮಾನ ಮೊದಲಾಗಬೇಕು, ಅದಿಲ್ಲದೆ ಅಗಲ ಹುಟ್ಟುವುದಿಲ್ಲ. ಮೇಲ್ಸೇತುವೆಗಿಂತ ಎತ್ತರದಲ್ಲಿ ಒಯ್ಯುವುದಾದರೆ ನಿಲ್ದಾಣ ನಾಲ್ಕನೆಯ ಮಹಡಿಯ ಮಟ್ಟಕ್ಕೆ ಹೋಗುತ್ತದೆ, ಲಿಫ್ಟು ಕೆಟ್ಟ ದಿನ ಮುದುಕರು ಬಸ್ಸಿಗೇ ಮರಳುತ್ತಾರೆ, ಲಘು ರೈಲಿನ ಅಗ್ಗದ ಲೆಕ್ಕವೂ ಅಲ್ಲಿಗೆ ಮುಗಿಯುತ್ತದೆ. ಮೂರನೆಯದು ಹೊಸೂರಿನಲ್ಲೇ ನಿಲ್ಲಿಸಿ ಪೇಟೆಗೆ ಸಣ್ಣ ಬಸ್ಸು ಜೋಡಿಸುವುದು. ಜನ ಇಳಿದು ಹತ್ತಬೇಕಾಗುತ್ತದೆ ಎಂಬುದು ಇದರ ಕೊರತೆ. ಆ ಬಸ್ ಐದು ನಿಮಿಷಕ್ಕೊಂದು ಬಂದು ಅದೇ ಟಿಕೆಟ್ಟಿನಲ್ಲಿ ಸಿಬಿಟಿ ಮುಟ್ಟಿಸಿದರೆ ಕೊರತೆ ಸಹಿಸುವಂಥದ್ದು. ಎಡಿನ್‌ಬರೊದಲ್ಲೂ ಮೊದಲು ನಡುಪೇಟೆಯಲ್ಲೇ ನಿಂತ ಹಳಿ 2023ರ ಜೂನ್‌ನಲ್ಲಿ ಬಂದರಿನ ಕಡೆಗೆ ಮುಂದುವರಿಯಿತು.

ಮೂರನೆಯದನ್ನೇ ಹಿಡಿದರೂ ಹೊಸೂರಿನ ನಕ್ಷೆಯಲ್ಲಿ ಈಗಲೇ ಕೆಲವನ್ನು ಗುರುತು ಹಾಕಿಡಬೇಕು. ಪ್ಲಾಟ್‌ಫಾರ್ಮಿನ ತುದಿಗೆ ಕಟ್ಟಡ ಬರಬಾರದು, ಹಳಿ ನೇರ ಮುಂದಕ್ಕೆ ಹೋಗುವ ಜಾಗ ಖಾಲಿ ಇರಬೇಕು. ವಾಹನ ದಿಕ್ಕು ಬದಲಿಸುವ ಅಡ್ಡಹಳಿ ನಿಲ್ದಾಣದ ಧಾರವಾಡ ಬದಿಗೆ ಇರಬೇಕು. ಒಂದೂವರೆ-ಎರಡು ಕಿಲೋಮೀಟರಿಗೊಂದು ಬರುವ ವಿದ್ಯುತ್ ಉಪಕೇಂದ್ರಕ್ಕೆ ಪೇಟೆಯ ಬದಿಯಲ್ಲೇ ಒಂದು ನಿವೇಶನ ಕಾದಿರಿಸಬೇಕು. ಹಳಿಯಿಂದ ಸೋರುವ ವಿದ್ಯುತ್ತು ಕಬ್ಬಿಣದ ನಳದ ಕೊಳವೆಗಳನ್ನು ತಿನ್ನುತ್ತದೆ, ಆದ್ದರಿಂದ ಚನ್ನಮ್ಮ ವೃತ್ತದ ಕಡೆ ಇನ್ನು ಮುಂದೆ ಹೂಳುವ ಕೊಳವೆಗಳಿಗೆ ಈಗಲೇ ರಕ್ಷಣಾ ಹೊದಿಕೆ ಹಾಕಿಸಬೇಕು. ಈ ಕೊನೆಯದಕ್ಕೆ ರೈಲಿನ ಮಂಜೂರಾತಿಯವರೆಗೆ ಕಾಯಬೇಕಾಗಿಯೂ ಇಲ್ಲ, ಮುಂದಿನ ಕೊಳವೆ ಟೆಂಡರಿನಲ್ಲಿ ಒಂದು ಸಾಲು ಸೇರಿಸಿದರೆ ಆಯಿತು.