ಕರೆಂಟಿಗೆ ಕ್ಯಾನ್ಸರ್ ಹೋಗುತ್ತಾ?

ದಾವಣಗೆರೆಯ ಮಂಡಕ್ಕಿ ಅಂಗಡಿಯಲ್ಲಿ ಕೂತಿದ್ದಾಗ ಪರಿಚಯದ ಹಿರಿಯರೊಬ್ಬರು ಮೊಬೈಲ್ ಮುಂದೆ ಹಿಡಿದರು. 'ಕರೆಂಟಿನಿಂದ ಕ್ಯಾನ್ಸರ್ ವಾಸಿ' ಅಂತ ವಾಟ್ಸಾಪ್ ಸಂದೇಶ. ಬೋಳು ತಲೆಗೆ ಪಟ್ಟಿ ಅಂಟಿಸಿಕೊಂಡವರ ಫೋಟೊ, ಅದರ ಕೆಳಗೇ ಮ್ಯಾಗ್ನೆಟ್ ಹಾಸಿಗೆಯ ಜಾಹೀರಾತು. ಮೊದಲನೆಯದರಲ್ಲಿ, ಅಂದರೆ 'ಟ್ಯೂಮರ್ ಟ್ರೀಟಿಂಗ್ ಫೀಲ್ಡ್ಸ್' ಅನ್ನುವ ವಿದ್ಯುತ್ ಕ್ಷೇತ್ರದ ಚಿಕಿತ್ಸೆಯಲ್ಲಿ, ನಿಜ ಇದೆ. ಎಷ್ಟು ಅನ್ನೋದೇ ಪ್ರಶ್ನೆ.

ಮೈಗೆ ಕರೆಂಟು ಕೊಡೋದು ಹಳೆಯ ಚಿಕಿತ್ಸೆ. ನಿಧಾನದ್ದು ನರ, ಸ್ನಾಯುಗಳನ್ನು ಕುಣಿಸುತ್ತದೆ. ತೀರಾ ವೇಗದ್ದು ಮೈ ಬಿಸಿ ಮಾಡುತ್ತದೆ. ನಡುವಿನದ್ದು ಯಾವ ಉಪಯೋಗಕ್ಕೂ ಬಾರದು ಅಂತ ದಶಕಗಳ ಕಾಲ ಸುಮ್ನೆ ಬಿಟ್ಟಿದ್ದರು. ಇಸ್ರೇಲಿನ ಶರೀರಶಾಸ್ತ್ರಜ್ಞ ಯೋರಾಮ್ ಪಾಲ್ಟಿ ಕೈ ಹಾಕಿದ್ದು ಅಲ್ಲಿಗೇ. 2000ದಲ್ಲಿ ಕಂಪನಿ ಕಟ್ಟಿದರು, 2004ರಲ್ಲಿ ಅವರ ತಂಡದ ಪ್ರಬಂಧ ಬಂತು. ಮನೆಯ ಕರೆಂಟು ದಿಕ್ಕು ಬದಲಿಸುತ್ತಾ ಸೆಕೆಂಡಿಗೆ 50 ಸುತ್ತು ಹಾಕುತ್ತದೆ. ಇವರದ್ದು ಒಂದರಿಂದ ಮೂರು ಲಕ್ಷ ಸುತ್ತು.

ಮುಂದಿನದನ್ನು ಹತ್ತಿ ಗಿರಣಿ ಕಂಡ ಊರಿನವರಿಗೆ ಹೇಳೋದು ಸುಲಭ. ಜೀವಕೋಶ ಎರಡಾಗುವ ಮೊದಲು ಒಳಗೆ ಸಣ್ಣ ಎಳೆಗಳ ಕದಿರು ಕಟ್ಟಿಕೊಳ್ಳುತ್ತದೆ. ವರ್ಣತಂತುಗಳನ್ನು ಎರಡು ಪಾಲು ಮಾಡಿ ಎಳೆಯೋದು ಆ ಎಳೆಗಳೇ. ಎಳೆಯ ತುಣುಕಾದ ಟ್ಯೂಬ್ಯುಲಿನ್‌ಗೆ ಒಂದು ಕಡೆ ಪ್ಲಸ್ ಜಾಸ್ತಿ, ಇನ್ನೊಂದು ಕಡೆ ಮೈನಸ್. ಕರೆಂಟಿನ ಕ್ಷೇತ್ರ, ಅಂದರೆ ಅದರ ಎಳೆತದ ವಲಯ, ದಿಕ್ಕು ಬದಲಿಸುತ್ತಲೇ ಇದ್ದರೆ ಅವು ಸಾಲಾಗಿ ನಿಲ್ಲುವುದಿಲ್ಲ, ಕದಿರು ಸೊಟ್ಟಗಾಗುತ್ತದೆ. ಕೊನೆಗೆ ಕೋಶ ಡಮರುವಿನ ಆಕಾರಕ್ಕೆ ಬಂದಾಗ ಸೊಂಟದ ಹತ್ತಿರ ಕ್ಷೇತ್ರ ದಟ್ಟವಾಗಿ, ಒಳಗಿನ ಸಾಮಾನೆಲ್ಲ ಅತ್ತ ಜರುಗುತ್ತದೆ. ಕೋಶ ಸಾಯುತ್ತದೆ, ಇಲ್ಲವೇ ಎಡವಟ್ಟಾಗಿ ಒಡೆಯುತ್ತದೆ. ಮಿದುಳಿನ ನರಕೋಶಗಳು ಹೀಗೆ ಎರಡಾಗೋದು ತೀರಾ ಅಪರೂಪ. ಅದಕ್ಕೇ ಮೊದಲು ಮಿದುಳಿನ ಗೆಡ್ಡೆಯ ಮೇಲೆ ಕಣ್ಣು ಬಿತ್ತು.

ವಿವರಣೆ ಚೆನ್ನಾಗಿದೆ. ಆದರೆ ಅಷ್ಟು ದುರ್ಬಲ ಕ್ಷೇತ್ರ ಟ್ಯೂಬ್ಯುಲಿನ್ ಅನ್ನು ತಿರುಗಿಸೋದು ಹೇಗೆ ಅಂತ ಲೆಕ್ಕ ಹಾಕಿದವರು ತಕರಾರು ತೆಗೆದರು. ಡಿಎನ್‌ಎ ರಿಪೇರಿ ಕೆಡುತ್ತದೆ, ಕೋಶದ ಪೊರೆ ಸಡಿಲವಾಗುತ್ತದೆ ಅಂತ ಬೇರೆ ಉತ್ತರಗಳೂ ಬಂದವು. ಜಗಳ ಮುಗಿದಿಲ್ಲ.

ಮರುಕಳಿಸಿದ ಗ್ಲಿಯೊಬ್ಲಾಸ್ಟೊಮಾಕ್ಕೆ (ಮಿದುಳಿನ ಉಗ್ರ ಕ್ಯಾನ್ಸರ್) ಈ ಯಂತ್ರ ಬಳಸಲು 2011ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು, ಹೊಸದಾಗಿ ಪತ್ತೆಯಾದವರಿಗೆ 2015ರಲ್ಲಿ. 695 ಜನರ ಪ್ರಯೋಗದಲ್ಲಿ ಬರೀ ಕೀಮೋ ಪಡೆದವರಲ್ಲಿ ಅರ್ಧದಷ್ಟು ಜನ 16 ತಿಂಗಳು ದಾಟಿ ಬದುಕಿದರು, ಯಂತ್ರವೂ ಇದ್ದವರಲ್ಲಿ 20.9 ತಿಂಗಳು. ಈ ಪ್ರಯೋಗದಲ್ಲಿ ಯಂತ್ರ ಕೀಮೋ ಜೊತೆಗೆ ಕಣ್ರೀ, ಕೀಮೋ ಬದಲಿಗಲ್ಲ. ಹೋಲಿಕೆಯ ಗುಂಪಿಗೆ ತೋರಿಕೆಯ ಯಂತ್ರ ತೊಡಿಸಿರಲಿಲ್ಲ ಅನ್ನೋದು ಇಂದಿಗೂ ಚುಚ್ಚುವ ಮುಳ್ಳು. 2023ರಲ್ಲಿ ಅಂಡಾಶಯದ ಕ್ಯಾನ್ಸರ್‌ನಲ್ಲಿ ಪ್ರಯೋಜನ ಕಾಣಲಿಲ್ಲ. ಶ್ವಾಸಕೋಶಕ್ಕೆ 2024ರಲ್ಲಿ ಒಪ್ಪಿಗೆ ಬಂತು.

ಇಷ್ಟಕ್ಕೆ ದಿನಕ್ಕೆ 18 ಗಂಟೆ ತಲೆಗೆ ಪಟ್ಟಿ ಅಂಟಿಸಿಕೊಂಡು, ಬ್ಯಾಟರಿ ಚೀಲ ಹೊತ್ತು ಓಡಾಡಬೇಕು. ಕೂದಲು ಬೆಳೆಯದಂತೆ ಬೋಳಿಸುತ್ತಲೇ ಇರಬೇಕು. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಆ ಅಂಟಿನ ಕೆಳಗಿನ ಬೆವರು ನೆನೆಸಿಕೊಳ್ಳಿ. ಅಮೆರಿಕದಲ್ಲಿ ಇದಕ್ಕೆ ಕಂಪನಿ ಗೊತ್ತುಮಾಡಿದ ಬೆಲೆ ತಿಂಗಳಿಗೆ ಸುಮಾರು 21 ಸಾವಿರ ಡಾಲರ್.

ಹಾಸಿಗೆಯಲ್ಲಿರುವ ಅಯಸ್ಕಾಂತ ಸೆಕೆಂಡಿಗೆ ಒಂದು ಸುತ್ತೂ ಹಾಕುವುದಿಲ್ಲ ಅಂತ ಹಿರಿಯರಿಗೆ ಹೇಳಿದೆ. ಅವರು ಮೆಣಸಿನಕಾಯಿ ಬಜ್ಜಿ ಮುರಿಯುತ್ತಾ, "ಅಡ್ವಾನ್ಸ್ ಕೊಟ್ಟಾಗೈತಲ್ಲಪ್ಪ" ಅಂದರು.