ಲೆನ್ಸಿನ ಮುಂದೆ ಏನಿರಬೇಕು: ಮುಂಬೈಯಲ್ಲಿ ಫೋಟೊಗ್ರಫಿ ಕಲಿಯುವವರಿಗೆ

ಲೆನ್ಸಿನ ಮುಂದೆ ಹಾಕುವ ಗಾಜು, ಅಂದರೆ ಫಿಲ್ಟರ್ ಕೊಳ್ಳಲು ಕೋಟೆ ಪ್ರದೇಶದ ಬೋರಾ ಬಜಾರಿಗೆ ಹೋಗುವ ಮೊದಲು ನಿಮ್ಮ ಲೆನ್ಸಿನ ಮುಂಭಾಗದ ಅಂಚನ್ನು ನೋಡಿ. ಅಡ್ಡಗೆರೆ ಎಳೆದ ಸೊನ್ನೆಯ ಪಕ್ಕದಲ್ಲಿ 49, 52, 58, 67, 77 ಹೀಗೆ ಒಂದು ಸಂಖ್ಯೆ ಇರುತ್ತದೆ. ಫಿಲ್ಟರ್ ಕೂರುವ ತಿರುಪಿನ ವ್ಯಾಸ ಅದು. ಲೆನ್ಸಿನ ಮೇಲಿರುವ 18–55 ಎಂಬುದು ಬೇರೆ, ಅದು ನಾಭಿದೂರ. ಎರಡೂ ಮಿಲಿಮೀಟರಿನಲ್ಲೇ ಇರುವುದರಿಂದ ಹೊಸಬರು ಒಂದನ್ನು ಹೇಳಿ ಇನ್ನೊಂದನ್ನು ಕೊಳ್ಳುವುದುಂಟು. ಬೇರೆ ಬೇರೆ ಅಳತೆಯ ಎರಡು ಲೆನ್ಸ್ ಇದ್ದರೆ ದೊಡ್ಡದಕ್ಕೆ ಹೊಂದುವ ಫಿಲ್ಟರ್ ಕೊಂಡು, ಚಿಕ್ಕದಕ್ಕೆ ಸ್ಟೆಪ್-ಅಪ್ ರಿಂಗ್ (ಚಿಕ್ಕ ತಿರುಪಿಗೆ ದೊಡ್ಡ ಫಿಲ್ಟರ್ ಕೂರಿಸುವ ಉಂಗುರ) ಹಾಕಿಕೊಳ್ಳಿ. ಹಣ ಉಳಿಯುತ್ತದೆ.

ಮೊದಲು ಕೊಳ್ಳಬೇಕಾದದ್ದು ಹುಡ್, ಅಂದರೆ ಲೆನ್ಸಿನ ತುದಿಗೆ ಸಿಕ್ಕಿಸುವ ಮರೆ. ಚಿತ್ರದ ಚೌಕಟ್ಟಿನಲ್ಲಿ ಇಲ್ಲದ ಬೆಳಕೂ ಪಕ್ಕದಿಂದ ಗಾಜಿಗೆ ಬಡಿದು ಚಿತ್ರವನ್ನು ಪೇಲವಗೊಳಿಸುತ್ತದೆ. ಹುಡ್ ಅದನ್ನು ತಡೆಯುತ್ತದೆ. ತುಂತುರು ಮಳೆಯಿಂದ, ಲೋಕಲ್ ರೈಲಿನ ನೂಕುನುಗ್ಗಲಿನಿಂದಲೂ ಅಷ್ಟಿಷ್ಟು ಕಾಪಾಡುತ್ತದೆ. ವಿಶಾಲ ದೃಶ್ಯ ಹಿಡಿಯುವ ವೈಡ್ ಲೆನ್ಸಿನ ಹುಡ್ ಎಸಳಿನ ಆಕಾರದಲ್ಲಿರುವುದು ಚಿತ್ರದ ನಾಲ್ಕು ಮೂಲೆಗಳಿಗೆ ಅಡ್ಡ ಬರಬಾರದೆಂದು. ಕ್ಯಾಮೆರಾದ ಮೇಲಿನ ಸಣ್ಣ ಫ್ಲ್ಯಾಶ್ ಬಳಸುವಾಗ ಮಾತ್ರ ಹುಡ್ ತೆಗೆಯಿರಿ, ಇಲ್ಲದಿದ್ದರೆ ಅದರ ನೆರಳು ಚಿತ್ರದ ಕೆಳಭಾಗದಲ್ಲಿ ಬೀಳುತ್ತದೆ.

ಯುವಿ ಫಿಲ್ಟರ್ ಬೇಕೆ? ಫಿಲ್ಮ್ ಕಾಲದಲ್ಲಿ ಅದಕ್ಕೆ ನಿಜವಾದ ಕೆಲಸವಿತ್ತು. ಡಿಜಿಟಲ್ ಕ್ಯಾಮೆರಾದ ಸೆನ್ಸರಿನ ಮುಂದೆ ಅತಿನೇರಳೆ ಕಿರಣ ತಡೆಯುವ ಪದರ ಆಗಲೇ ಇರುತ್ತದೆ. ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು ಶೇಕಡಾ 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಫಿಲ್ಟರಿಗೆ ಎರಡು ಮೈ. ರಾತ್ರಿ ಮರೀನ್ ಡ್ರೈವಿನ ದೀಪಗಳ ಸಾಲನ್ನು ಅಗ್ಗದ ಯುವಿ ಫಿಲ್ಟರ್ ಹಾಕಿ ತೆಗೆದು ನೋಡಿ: ಕಪ್ಪು ಆಕಾಶದಲ್ಲಿ ಅದೇ ದೀಪಗಳು ತಲೆಕೆಳಗಾಗಿ, ಮಸುಕಾಗಿ ಕಾಣಿಸಿಕೊಳ್ಳಬಹುದು. ಅಲೆಯ ಸಿಂಪರಣೆ ಇರುವಲ್ಲಿ ಹಾಕಿಕೊಳ್ಳಿ, ದೀಪಗಳ ಎದುರು ತೆಗೆದಿಡಿ ಎಂಬುದು ನನ್ನ ಸಲಹೆ.

ಪೋಲರೈಸರ್ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಏಕೆಂದರೆ ಅದರ ಕೆಲಸವನ್ನು ಕಂಪ್ಯೂಟರಿನಲ್ಲಿ ಆಮೇಲೆ ಮಾಡಲು ಬರುವುದಿಲ್ಲ. ನೀರು, ಗಾಜು, ಎಲೆಗಳಿಂದ ಓರೆಯಾಗಿ ಪ್ರತಿಫಲಿಸುವ ಬೆಳಕು ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಪೋಲರೈಸರ್ ಆ ದಿಕ್ಕಿನ ಬೆಳಕನ್ನು ತಡೆಯುತ್ತದೆ. ಮಳೆ ನಿಂತ ಮೇಲೆ ಬೈಕಲಾದ ರಾಣಿಬಾಗ್ ಉದ್ಯಾನದಲ್ಲಿ ಒಂದು ಒದ್ದೆ ಬಾದಾಮಿ ಎಲೆಯ ಮುಂದೆ ನಿಂತು ಫಿಲ್ಟರಿನ ಹೊರ ಉಂಗುರವನ್ನು ನಿಧಾನವಾಗಿ ತಿರುಗಿಸಿ. ಎಲೆಯ ಮೇಲಿನ ಬಿಳಿ ಹೊಳಪು ಕರಗಿ ನರಗಳು ಒಂದೊಂದಾಗಿ ಮೂಡುತ್ತವೆ, ಅಡಗಿದ್ದ ಹಸಿರು ಹೊರಬರುತ್ತದೆ. ಇನ್ನೂ ತಿರುಗಿಸಿದರೆ ಹೊಳಪು ಮರಳುತ್ತದೆ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಪರಿಣಾಮ ಅತಿ ಹೆಚ್ಚು. ಆಕಾಶವಾದರೆ ಸೂರ್ಯನಿಂದ 90 ಡಿಗ್ರಿ ಪಕ್ಕದ ಭಾಗ ಹೆಚ್ಚು ಕಡುನೀಲಿಯಾಗುತ್ತದೆ, ಹಾಗಾಗಿ ವೈಡ್ ಲೆನ್ಸಿನಲ್ಲಿ ಆಕಾಶ ಒಂದೆಡೆ ಕಪ್ಪು, ಒಂದೆಡೆ ಬಿಳಿಚು ಆದೀತು. ಲೋಹದ ಹೊಳಪಿನ ಮೇಲೆ ಇದರ ಆಟ ನಡೆಯುವುದಿಲ್ಲ. ಒಂದರಿಂದ ಎರಡು ಸ್ಟಾಪ್ ಬೆಳಕು ಕಡಿಮೆಯಾಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು) ಎಂಬುದೂ ನೆನಪಿರಲಿ. ಅಂಗಡಿಯಲ್ಲಿ ಸಿಪಿಎಲ್ (ಸರ್ಕ್ಯುಲರ್ ಪೋಲರೈಸರ್) ಎಂದು ಕೇಳಿ.

ಎನ್‌ಡಿ (ನ್ಯೂಟ್ರಲ್ ಡೆನ್ಸಿಟಿ) ಫಿಲ್ಟರ್ ಬರೀ ಬೆಳಕು ಕಡಿಮೆ ಮಾಡುತ್ತದೆ: ಎನ್‌ಡಿ 8 ಎಂದರೆ 3 ಸ್ಟಾಪ್, ಎನ್‌ಡಿ 1000 ಎಂದರೆ ಸುಮಾರು 10. 1/60 ಸೆಕೆಂಡಿನ ಚಿತ್ರಕ್ಕೆ ಎನ್‌ಡಿ 1000 ಹಾಕಿದರೆ ಷಟರ್ ಸುಮಾರು 17 ಸೆಕೆಂಡು ತೆರೆದಿರಬೇಕು. ಮರೀನ್ ಡ್ರೈವಿನ ಟೆಟ್ರಾಪಾಡ್‌ಗಳಿಗೆ (ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳಿಗೆ) ಬಡಿಯುವ ಅಲೆಗಳು ಆಗ ಮಂಜಿನಂತಾಗುತ್ತವೆ. ಟ್ರೈಪಾಡ್ ಕಡ್ಡಾಯ. ಫಿಲ್ಟರ್ ಹಾಕುವ ಮೊದಲೇ ಫೋಕಸ್ ಮಾಡಿ, ಆಟೋಫೋಕಸ್ ಆಫ್ ಮಾಡಿಬಿಡಿ.

ಇನ್ನು ಶಿವಡಿಯ ಫ್ಲೆಮಿಂಗೊಗಳಿಗಾಗಿ ಟೆಲಿಕನ್ವರ್ಟರ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂತು ನಾಭಿದೂರ ಹೆಚ್ಚಿಸುವ ಸಾಧನ) ಕೇಳುವವರಿಗೆ: 1.4 ಪಟ್ಟಿನದು 300 ಮಿಲಿಮೀಟರ್ ಎಫ್/4 ಲೆನ್ಸನ್ನು 420 ಎಫ್/5.6 ಮಾಡುತ್ತದೆ (ಎಫ್ ಸಂಖ್ಯೆ ದೊಡ್ಡದಾದಷ್ಟು ಒಳಬರುವ ಬೆಳಕು ಕಡಿಮೆ), ಒಂದು ಸ್ಟಾಪ್ ಬೆಳಕು ಹೋಗುತ್ತದೆ. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸಿಗೆ ಅದು ಬೇಡ.

ಕಡಲ ತೀರದಿಂದ ಬಂದ ಲೆನ್ಸನ್ನು ಒಣಬಟ್ಟೆಯಿಂದ ಉಜ್ಜಲೇಬೇಡಿ, ಒಣಗಿದ ಉಪ್ಪಿನ ಹರಳು ಲೇಪನವನ್ನು ಗೀರುತ್ತದೆ. ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಲೆನ್ಸ್ ದ್ರವದಲ್ಲಿ ತೇವ ಮಾಡಿದ ಮೈಕ್ರೊಫೈಬರ್ ಬಟ್ಟೆಯಿಂದ ಒತ್ತದೆ ಒರೆಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚೀಲದಲ್ಲಿಟ್ಟು ಮರೆತರೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ ಸಾಕು; ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ಅದು 60 ದಾಟಿದಾಗ ಜೆಲ್ಲನ್ನು ಬಿಸಿಮಾಡಿ ಒಣಗಿಸಿ ಮತ್ತೆ ಡಬ್ಬಿಗೆ ಹಾಕಬಹುದು.